ಮೀನಿನ ಮುದ್ರೆ: ಗುಂಡಿ ಸೇರಿದ ಅಳತೆಗೋಲು

"ಎಲ್ಲಿ ಒತ್ತಬೇಕು ಅಂತ ನಾನು ಹೇಳಲ್ಲ ಮೇಸ್ತ್ರಿ. ನಿಮಗೆ ಎಲ್ಲಿ ತೋಚುತ್ತೋ ಅಲ್ಲಿ ಒತ್ತಿ."

"ಹಾಗಂದ್ರೆ ಹೇಗಮ್ಮ? ಏನಾದ್ರೂ ಕೆಟ್ಟು ಹೋದ್ರೆ?"

"ಕೆಡಲಿ. ಕೆಟ್ರೆ ನನಗೇ ಒಳ್ಳೇದು, ಬರ್ಕೊಳ್ತೀನಿ."

ಮೂವತ್ತು ವರ್ಷ ಉತ್ಖನನದ ಗುಂಡಿಗಳಲ್ಲಿ ಆಳುಗಳನ್ನು ನಿಭಾಯಿಸಿದ ಮೇಸ್ತ್ರಿ, ಮೌಸನ್ನು ಕರಣೆ ಹಿಡಿದ ಹಾಗೆ ಹಿಡಿದಿದ್ದರು. ಕಂಪ್ಯೂಟರ್ ಮುಟ್ಟದವರೊಬ್ಬರನ್ನು ಕೂರಿಸಿ, ನಮ್ಮ ಪ್ರೊಫೆಸರ್ ಅಗೆಸಿ ತೆಗೆದ ವಸ್ತುಗಳ ಫೋಟೋ, ವಿವರ ತೋರಿಸುವ ವೆಬ್‌ಸೈಟ್ ಬಳಸಲು ಬಿಡುವುದು ಪರೀಕ್ಷೆಯ ಕೊನೆಯ ಹಂತ. ಅದನ್ನು ನಡೆಸಿಕೊಡುವುದು ನನ್ನ ಕೆಲಸ. ಇನ್ನೊಬ್ಬರ ತಪ್ಪು ಹುಡುಕಿಯೇ ಅನ್ನ ತಿನ್ನುವವಳು ನಾನು. ಆಫೀಸಿನಲ್ಲಿ ನನಗೆ ಕೊಂಕಮ್ಮ ಎಂದು ಹೆಸರಿಟ್ಟಿದ್ದಾರೆ, ಎದುರಿಗೇ ಕರೆಯುತ್ತಾರೆ.

ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ನಾಲ್ಕು ಗಂಟೆಗೆ ವೆಬ್‌ಸೈಟಿನ ಲೋಕಾರ್ಪಣೆ. ಅದಕ್ಕೂ ಒಂದು ಗಂಟೆ ಮೊದಲು, ಮೂರಕ್ಕೆ, ಮೀನು ಕೆತ್ತಿದ ಕಲ್ಲಿನ ಮುದ್ರೆಯನ್ನು ಉಗ್ರಾಣದಿಂದ ಕದ್ದ ಆರೋಪದ ಮೇಲೆ ನನ್ನ ಅಣ್ಣನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ.

ಮೂರು ದಿನದಿಂದ ವಿಚಾರಣೆಗೆಂದು ಠಾಣೆಗೆ ಕರೆಸುತ್ತಿದ್ದವರು ನಿನ್ನೆ ಸಂಜೆ ಅವನನ್ನು ಲಾಕಪ್ಪಿಗೆ ಹಾಕಿದರು. ಬೆಳಗ್ಗೆ ಠಾಣೆಗೆ ಹೋಗಿದ್ದೆ. ಅಣ್ಣ ಬರಿಗಾಲಲ್ಲಿ ಕಂಬಿಯ ಹತ್ತಿರ ಬಂದು, "ತಿಂಡಿ ತಿಂದ್ಯಾ ಪುಟ್ಟಿ?" ಎಂದ. ಅಷ್ಟೇ ಕೇಳಿದ್ದು. ಆಚೆ ಬಂದು ಸ್ಕೂಟರಿನ ಕನ್ನಡಿ ಹಿಡಿದುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಕೆಲಸಕ್ಕೆ ಬಂದೆ, ಯಾಕೆಂದರೆ ಅಣ್ಣನನ್ನು ಬಿಡಿಸುವಂಥದ್ದೇನಾದರೂ ಇದ್ದರೆ ಅದು ಈ ಕಟ್ಟಡದಲ್ಲೇ ಇರಬೇಕು.

ಆ ಮುದ್ರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಲೋಕಾರ್ಪಣೆಯ ದಿನ ಗಾಜಿನ ಪೆಟ್ಟಿಗೆಯಲ್ಲಿಡೋಣ ಎಂದು ಕಳೆದ ವಾರ ಡಬ್ಬಿ ತೆರೆದರೆ ಒಳಗಿದ್ದದ್ದು ಸ್ಪಂಜು ಮಾತ್ರ. ಅಣ್ಣ ಉಗ್ರಾಣದ ಮೇಲ್ವಿಚಾರಣೆ ವಹಿಸಿಕೊಂಡು ಮೂರು ವರ್ಷ. ವಹಿಸಿಕೊಳ್ಳುವಾಗ ನಾಲ್ಕು ಸಾವಿರ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಲು ಯಾರಿಂದಾದೀತು? ಮುಚ್ಚಿದ್ದ ಡಬ್ಬಿಗಳಿಗೆ ನಂಬಿಕೆಯ ಮೇಲೆ ಸಹಿ ಹಾಕಿದ್ದ.

ಆದರೆ ವೆಬ್‌ಸೈಟು ಬೇರೆಯದೇ ಹೇಳುತ್ತಿತ್ತು. ಮುದ್ರೆಯ ಫೋಟೋ ತೆಗೆದದ್ದು ಕಳೆದ ವರ್ಷ ಮಾರ್ಚ್ ಹದಿನಾಲ್ಕರಂದು. ಎಂದರೆ ಅಣ್ಣನ ಕಾಲದಲ್ಲೇ ಡಬ್ಬಿ ತೆರೆದಿದೆ, ಒಳಗೆ ಮುದ್ರೆ ಇತ್ತು, ಆಮೇಲೆ ಮಾಯವಾಗಿದೆ. ಪೊಲೀಸರ ಲೆಕ್ಕದಲ್ಲಿ ಬೀಗದ ಕೈ ಇದ್ದದ್ದು ಅವನೊಬ್ಬನ ಹತ್ತಿರ. ಮುದ್ರೆ ಸಿಕ್ಕ ವರ್ಷದ ದಾಖಲೆ ಪುಸ್ತಕ ಗೆದ್ದಲಿಗೆ ಆಹಾರವಾಗಿ ಯಾವುದೋ ಕಾಲವಾಗಿತ್ತು. ಹಾಗಾಗಿ ಪೊಲೀಸರಿಗೆ ವೆಬ್‌ಸೈಟಿನ ಆ ಒಂದು ಸಾಲೇ ಸಾಕ್ಷಿ.

"ಅಮ್ಮಾ, ನಮ್ಮ ಮೀನು ಸಿಕ್ತು!" ಎಂದರು ಮೇಸ್ತ್ರಿ.

ಪರದೆ ತುಂಬ ಮುದ್ರೆ. ಕಪ್ಪು ಬಟ್ಟೆಯ ಮೇಲೆ ಬೂದು ಕಲ್ಲು, ಪಕ್ಕದಲ್ಲಿ ಕಪ್ಪು ಬಿಳಿ ಪಟ್ಟಿಗಳ ಅಳತೆಗೋಲು. ಅಗೆತದ ಫೋಟೋ ಎಂದರೆ ಕೋಲು ಇರಲೇಬೇಕು. ವಸ್ತು ಎಷ್ಟು ದೊಡ್ಡದು ಎಂದು ನೋಡಿದವರಿಗೆ ತಿಳಿಯುವುದು ಅದರಿಂದಲೇ. ಒಂದೊಂದು ಪಟ್ಟಿ ಒಂದೊಂದು ಸೆಂಟಿಮೀಟರ್, ಒಟ್ಟು ಹತ್ತು.

"ಮೇಲ್ಗಡೆ ಅಳತೆ ಅಂತ ಇದೆಯಲ್ಲ, ಅದನ್ನ ಒತ್ತಲಾ?"

"ನನ್ನ ಕೇಳ್ಬೇಡಿ ಅಂದ್ನಲ್ಲ ಮೇಸ್ತ್ರಿ."

ಒತ್ತಿದರು. ಈ ಸೌಲಭ್ಯದ ಬಗ್ಗೆ ನಮ್ಮವರಿಗೆ ಭಾರಿ ಹೆಮ್ಮೆ. ಮೊದಲು ಕೋಲಿನ ಎರಡು ತುದಿ ಮುಟ್ಟಬೇಕು, ಆಮೇಲೆ ವಸ್ತುವಿನ ಎರಡು ತುದಿ. ಕೋಲು ಹತ್ತು ಸೆಂಟಿಮೀಟರ್ ಎಂದು ಹಿಡಿದು, ವಸ್ತು ಎಷ್ಟು ಉದ್ದ ಎಂದು ವೆಬ್‌ಸೈಟೇ ಲೆಕ್ಕ ಹಾಕಿ ಹೇಳುತ್ತದೆ. ಮೇಸ್ತ್ರಿ ನಾಲಿಗೆ ಕಚ್ಚಿಕೊಂಡು ನಾಲ್ಕು ತುದಿಗಳನ್ನೂ ಮುಟ್ಟಿದರು. ನಾಲ್ಕು ಸೆಂಟಿಮೀಟರ್ ಎಂದು ಬಂತು.

ಕೆಳಗಿನ ವಿವರದಲ್ಲಿ ಮುದ್ರೆಯ ಉದ್ದ ಮೂರು ಪಾಯಿಂಟ್ ಎಂಟು ಎಂದಿತ್ತು.

ಅಣ್ಣ ಲಾಕಪ್ಪಿನಲ್ಲಿದ್ದರೂ ನನ್ನ ಕೈ ತಾನಾಗಿ ಬರೆಯಿತು: ಅಳತೆ ತಪ್ಪು, ಕೂಡಲೇ ಸರಿಪಡಿಸಿ. ನಾನೂ ಮುಟ್ಟಿ ನೋಡಿದೆ. ಮತ್ತೆ ನಾಲ್ಕು. ಬೇರೆ ಹತ್ತು ಫೋಟೋ ತೆರೆದು ಅಳೆದೆ. ಬಳೆ, ಮಣಿ, ಮಡಕೆಯ ಚೂರು ಎಲ್ಲವೂ ಕರಾರುವಾಕ್ಕು. ಮೀನು ಮಾತ್ರ ಹಟಮಾರಿ.

ಮೇಸ್ತ್ರಿ ಕನ್ನಡಕ ಒರೆಸಿಕೊಂಡು ಪರದೆಗೆ ಮೂಗು ತಾಗಿಸಿದರು. ಆಮೇಲೆ ನಾಚಿಕೊಂಡವರ ಹಾಗೆ ನಕ್ಕರು.

"ತಪ್ಪು ಮೆಷಿನ್ನದಲ್ಲಮ್ಮ, ಕೋಲಿಂದು. ಪಟ್ಟಿ ಎಣಿಸು."

ಎಣಿಸಿದೆ. ಒಂಬತ್ತಾದ ಮೇಲೆ ಹತ್ತನೆಯದು ಅರ್ಧಕ್ಕೇ ನಿಂತಿತ್ತು. ಕೊನೆಯ ಪಟ್ಟಿ ಕಪ್ಪು, ಕೆಳಗಿನ ಬಟ್ಟೆಯೂ ಕಪ್ಪು. ಎಣಿಸದೆ ಗೊತ್ತಾಗುವ ಮಾತೇ ಇರಲಿಲ್ಲ.

"ಇದು ನಮ್ಮ ಮೊಂಡ," ಎಂದರು ಮೇಸ್ತ್ರಿ, ದೂರದ ನೆಂಟನನ್ನು ಕಂಡಷ್ಟು ಪ್ರೀತಿಯಿಂದ. "ನನ್ನ ಕಾಲಿಗೆ ಸಿಕ್ಕಿ ಲಟಕ್ ಅಂತ ಮುರೀತು. ಪ್ರೊಫೆಸರು ಬಾಯಿಗೆ ಬಂದಂಗೆ ಬೈದ್ರು. ಹೊಸದು ಬರೋಷ್ಟ್ರಲ್ಲಿ ನಾಲ್ಕೈದು ಫೋಟೋ ಇದರಲ್ಲೇ ಹೊಡೆದ್ರು."

"ಈಗ ಎಲ್ಲಿದೆ ಅದು?"

"ಎಲ್ಲಿರುತ್ತೆ? ನೆಲದೊಳಗೆ! ಏಳನೇ ಗುಂಡಿ ಮುಚ್ಚಿದಾಗ ಅದರ ಜೊತೆ ಅದೂ ಹೋಯ್ತು."

ನನಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಬಿಡಿಸಿ ಹೇಳಿದರು. ಅಗೆತ ಮುಗಿದು ಗುಂಡಿಗೆ ಮಣ್ಣು ತುಂಬುವ ಮೊದಲು ತಳದಲ್ಲಿ ಆ ವರ್ಷದ್ದೊಂದು ನಾಣ್ಯ ಇಡುತ್ತಾರಂತೆ. ಇನ್ನೂರು ವರ್ಷದ ಮೇಲೆ ಯಾರಾದರೂ ಅಲ್ಲೇ ಅಗೆದರೆ, ಇಲ್ಲಿಯವರೆಗೆ ಮೊದಲೇ ಯಾರೋ ಬಂದು ಹೋಗಿದ್ದಾರೆ ಎಂದು ಅವರಿಗೆ ತಿಳಿಯಲಿ ಎಂದು.

"ಅವತ್ತು ಯಾರ ಜೇಬಲ್ಲೂ ಆ ವರ್ಷದ ನಾಣ್ಯ ಇರ್ಲಿಲ್ಲ. ಪ್ರೊಫೆಸರು ಮೊಂಡನ ಹಿಂದ್ಗಡೆ ಇಸವಿ ಬರೆದು, ಹೋಗಪ್ಪಾ ನೀನೇ ಸಾಕ್ಷಿ ಹೇಳು ಅಂತ ಕೈಯಾರೆ ಇಟ್ರು. ನಾವೆಲ್ಲ ನಕ್ವಿ."

"ಯಾವಾಗ ಮೇಸ್ತ್ರಿ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಐದು ವರ್ಷ. ಅವತ್ತೇ ನನ್ನ ಮೊಮ್ಮಗಳು ಹುಟ್ಟಿದ್ದು, ಮರೆಯೋಕಾಗುತ್ತಾ?"

ಪರದೆಯ ಮೇಲಿನ ದಿನಾಂಕವನ್ನು ಇನ್ನೊಮ್ಮೆ ಓದಿದೆ. ಐದು ವರ್ಷದ ಹಿಂದೆ ಮಣ್ಣು ಸೇರಿದ ಕೋಲು ಕಳೆದ ವರ್ಷ ಮಾರ್ಚ್ ಹದಿನಾಲ್ಕರಂದು ಎದ್ದು ಬಂದು ಮುದ್ರೆಯ ಪಕ್ಕ ಮಲಗಲು ಸಾಧ್ಯವಿಲ್ಲ. ಫೋಟೋ ಹಳೆಯದು. ದಿನಾಂಕ ಸುಳ್ಳು. ಅಣ್ಣ ಉಗ್ರಾಣದ ಬೀಗ ಮುಟ್ಟುವ ಮೊದಲೇ ಡಬ್ಬಿ ಖಾಲಿಯಾಗಿದ್ದಿರಬಹುದು.

ಮೇಸ್ತ್ರಿಯ ಬಾಯಿಮಾತನ್ನು ಕೋರ್ಟು ನಂಬುವುದಿಲ್ಲ. ಹುಡುಕುವ ಜಾಗದಲ್ಲಿ 'ಏಳನೆಯ ಗುಂಡಿ, ಮುಚ್ಚುವಿಕೆ' ಎಂದು ಹೊಡೆದೆ. ಅವಸರದಲ್ಲಿ ಎರಡು ಸಲ ತಪ್ಪು ಹೊಡೆದೆ. ಮೂರನೆಯ ಸಲಕ್ಕೆ ಆರು ಫೋಟೋ ಬಂದವು. ಐದನೆಯದರಲ್ಲಿ ಗುಂಡಿಯ ತಳ, ಅಲ್ಲಿ ಮಲಗಿದ್ದ ಮೊಂಡ, ಓರೆಯಾಗಿ ಮುರಿದ ಅದೇ ತುದಿ. ಅಂಚಿನಲ್ಲಿ ಪ್ರೊಫೆಸರ್ ಕುಕ್ಕುರುಗಾಲಲ್ಲಿ ಕೂತು ನಗುತ್ತಿದ್ದರು. ದಿನಾಂಕ ಐದು ವರ್ಷದ ಹಿಂದಿನ ಮೇ ತಿಂಗಳದ್ದು.

"ಮೇಸ್ತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದೆ.

"ಆ ಕಾಲೇ ಅಲ್ವಾ ಮುರಿದಿದ್ದು, ಬೀಳು," ಎಂದರು. ನನ್ನ ಮುಖ ನೋಡಿ ನಗು ನಿಲ್ಲಿಸಿ ತಲೆ ಸವರಿದರು.

ಪ್ರೊಫೆಸರ್ ತಮ್ಮ ಕೋಣೆಯಲ್ಲಿ ಸಂಜೆಯ ಭಾಷಣವನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಮೇಜಿನ ಮೇಲೆ ಆಹ್ವಾನ ಪತ್ರಿಕೆಗಳ ಕಟ್ಟು, ಅದರ ಮೇಲೆ ಆರಿದ ಚಹಾ. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ.

"ಕೊಂಕಮ್ಮ, ಇವತ್ತು ಹೊಸ ತಪ್ಪು ತರಬೇಡ. ಹಳೇವೇ ಸಾಕಾಗಿದೆ."

"ಇದು ವೆಬ್‌ಸೈಟಿನ ತಪ್ಪಲ್ಲ ಸಾರ್. ಈ ಕೋಲು ನೋಡಿ. ಪಟ್ಟಿ ಎಣಿಸಿ."

"ನನಗೆ ಎಣಿಸೋಕೆ ಪುರಸೊತ್ತಿದೆಯಾ ಈಗ?"

"ಎಣಿಸಿ ಸಾರ್."

ನನ್ನ ದನಿಗೆ ಅವರು ಪೆನ್ನು ಕೆಳಗಿಟ್ಟರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು. ಒಂಬತ್ತರ ನಂತರ ಬೆರಳು ನಿಂತಿತು.

"ಏಳನೇ ಗುಂಡಿಗೆ ನೀವೇ ಇಟ್ಟಿದ್ದು. ಇಗೋ, ಇಟ್ಟ ಫೋಟೋನೂ ಇದೆ, ನೀವೂ ಇದ್ದೀರಿ. ನೆಲದೊಳಗಿದ್ದ ಕೋಲು ಹೋದ ವರ್ಷ ಹೇಗೆ ಆಚೆ ಬಂತು?"

"ಮುರಿದ ಕೋಲು ಪ್ರಪಂಚದಲ್ಲಿ ಒಂದೇ ಇರುತ್ತಾ?"

"ಇದೇ ಥರ ಓರೆಯಾಗಿ ಮುರಿದಿರೋದು ಒಂದೇ ಇರುತ್ತೆ. ದೊಡ್ಡದು ಮಾಡಿ ತೋರಿಸ್ಲಾ?"

ಅವರು ಬೇಡವೆಂದು ಕೈಯಾಡಿಸಿದರು. ಕಿಟಕಿಯ ಹೊರಗೆ ಆಳುಗಳು ಕುರ್ಚಿ ಇಳಿಸುತ್ತಿದ್ದ ಸದ್ದು ಬರುತ್ತಿತ್ತು.

"ಹಾಗಾದ್ರೆ ದಿನಾಂಕ ಯಾರೋ ಬದಲಾಯಿಸಿದ್ದಾರೆ ಅಂತೀಯಾ," ಎಂದರು ಮೆಲ್ಲಗೆ.

"ಹೌದು. ಯಾರು ಅನ್ನೋದೂ ಇಲ್ಲೇ ಗೊತ್ತಾಗುತ್ತೆ."

ಪ್ರತಿ ದಾಖಲೆಗೂ ಒಂದು ಬದಲಾವಣೆಯ ಪಟ್ಟಿಯಿದೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂದು ಅದು ಬಚ್ಚಿಡದೆ ಹೇಳುತ್ತದೆ. ಅದನ್ನು ನೋಡುವ ಅಧಿಕಾರ ಪ್ರೊಫೆಸರಿಗೆ ಮತ್ತು ನನಗೆ ಮಾತ್ರ. ಮೂರು ದಿನ ಅದರತ್ತ ನಾನು ತಿರುಗಿಯೂ ನೋಡಿರಲಿಲ್ಲ. ದಿನಾಂಕ ನಿಜವೆಂದೇ ನಂಬಿ, ಅಣ್ಣನ ಕಾಲದಲ್ಲಿ ಉಗ್ರಾಣಕ್ಕೆ ಬಂದು ಹೋದವರ ಪಟ್ಟಿ ಹಿಡಿದು ಬೀದಿ ಬೀದಿ ಅಲೆದಿದ್ದೆ. ಈಗ ಕಳ್ಳನ ಜುಟ್ಟು ಕೈಗೆ ಸಿಕ್ಕಿತು ಎಂಬ ಉಮೇದಿನಲ್ಲಿ ಗುಂಡಿ ಒತ್ತಿದೆ.

ಒಂದೇ ಒಂದು ಸಾಲು ತೆರೆದುಕೊಂಡಿತು. ಹಳೆಯ ದಿನಾಂಕ, ಐದು ವರ್ಷದ ಹಿಂದಿನ ಮೇ. ಹೊಸ ದಿನಾಂಕ, ಕಳೆದ ವರ್ಷದ ಮಾರ್ಚ್ ಹದಿನಾಲ್ಕು. ತಿದ್ದಿದ್ದು ಎರಡು ತಿಂಗಳ ಹಿಂದೆ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ. ತಿದ್ದಿದವರು: ಪರೀಕ್ಷಕಿ.

ಈ ಕಟ್ಟಡದಲ್ಲಿ ಪರೀಕ್ಷಕಿ ಎಂದು ಇರುವುದು ಒಬ್ಬಳೇ.

ಮೊದಲು ಸುಳ್ಳು ಎನಿಸಿತು. ಯಾರೋ ನನ್ನ ಪಾಸ್‌ವರ್ಡ್ ಕದ್ದಿದ್ದಾರೆ ಎನಿಸಿತು. ಆಮೇಲೆ ಆ ಬೆಳಗ್ಗೆ ನೆನಪಾಯಿತು.

ಒಂದೇ ಏಟಿಗೆ ಹಲವು ದಾಖಲೆಗಳ ದಿನಾಂಕ ಬದಲಿಸುವ ಸೌಲಭ್ಯವನ್ನು ಅವತ್ತು ಪರೀಕ್ಷಿಸಿದ್ದೆ. ಏಳನೆಯ ಗುಂಡಿಯ ನಲವತ್ತೊಂದು ದಾಖಲೆ ಆರಿಸಿ, ಬಾಯಿಗೆ ಬಂದ ಒಂದು ದಿನಾಂಕ ತುಂಬಿದೆ. ದಿನಕ್ಕೆ ಅಂಥ ನೂರು ದಿನಾಂಕ ತುಂಬುತ್ತೇನೆ, ಯಾವುದೆಂದು ನೆನಪಿಟ್ಟುಕೊಳ್ಳಲಿ? ಆಮೇಲೆ 'ಮೊದಲಿನಂತೆ ಮಾಡು' ಎಂಬುದನ್ನು ಒತ್ತಿದೆ. ಒಂದು ಪುಟಕ್ಕೆ ಇಪ್ಪತ್ತು ದಾಖಲೆ. ಮೊದಲ ಪುಟ ನೋಡಿದೆ, ಎಲ್ಲ ಮೊದಲಿನಂತೆ. ಎರಡನೆಯ ಪುಟ ನೋಡಿದೆ, ಅದೂ ಸರಿ. ವರದಿಯಲ್ಲಿ 'ಲೋಪವಿಲ್ಲ' ಎಂದು ಬರೆದು ಚಹಾಕ್ಕೆ ಎದ್ದು ಹೋದೆ.

ಮೂರನೆಯ ಪುಟದಲ್ಲಿ ಒಂದೇ ಒಂದು ದಾಖಲೆ ಉಳಿದಿತ್ತು. ಅದು ಮೊದಲಿನಂತಾಗಿರಲಿಲ್ಲ. ಅದು ಮೀನಿನ ಮುದ್ರೆ.

ಕೊನೆಯ ಪುಟ ನೋಡದೆ ಸಹಿ ಹಾಕಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ನಾನೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರ ಗಾದೆಯನ್ನು ನನಗೆಂದೇ ಮಾಡಿದಂತಿದೆ. ಅಣ್ಣನನ್ನು ಕಂಬಿಯ ಹಿಂದೆ ನಿಲ್ಲಿಸಿದ್ದು ಯಾವ ಕಳ್ಳನ ಕುತಂತ್ರವೂ ಅಲ್ಲ. ನನ್ನ ಸೋಮಾರಿತನ, ನನ್ನ ಒಂದು ಲೋಟ ಚಹಾ.

"ಸಾರ್," ಎಂದೆ. ದನಿ ನನ್ನದೇ ಅನಿಸಲಿಲ್ಲ. "ತಪ್ಪು ನಂದು. ಬರೆದು ಕೊಡ್ತೀನಿ. ಈಗಲೇ ಕೋರ್ಟಿಗೆ ಓಡ್ತೀನಿ. ಆದ್ರೆ ನಾನು ಅವನ ತಂಗಿ, ನನ್ನೊಬ್ಬಳ ಮಾತು ಯಾರೂ ನಂಬಲ್ಲ. ಹಳೇ ದಿನಾಂಕವೇ ಸರಿ ಅಂತ ನೀವೊಂದು ಸಹಿ ಹಾಕಿಕೊಡಿ."

"ಲೋಕಾರ್ಪಣೆ ಮುಗೀಲಿ. ನಾಳೆ ನೋಡೋಣ."

"ನಾಳೆ ಹೊತ್ತಿಗೆ ಅಣ್ಣ ಜೈಲಲ್ಲಿರ್ತಾನೆ ಸಾರ್!"

"ಕೂಗಬೇಡ. ಒಂದು ದಿನಾಂಕ ತಪ್ಪು ಅಂತ ನಾನೇ ಬರೆದುಕೊಟ್ರೆ, ಮಿಕ್ಕ ನಲವತ್ತು ಸಾವಿರ ದಾಖಲೆನ ಯಾರು ನಂಬ್ತಾರೆ? ಇಪ್ಪತ್ತೆರಡು ವರ್ಷ ಮಣ್ಣು ತಿಂದು ಮಾಡಿದ್ದೀನಿ ಇದನ್ನ. ಹೊರಗಡೆ ಬಂದು ಕೂರೋರೆಲ್ಲ ವಿದ್ವಾಂಸರು, ಬೆಣ್ಣೇಲೂ ಕಲ್ಲು ಹುಡುಕ್ತಾರೆ."

"ಅವನು ಮೂರು ವರ್ಷ ನಿಮ್ಮ ಉಗ್ರಾಣ ಕಾದಿದ್ದಾನೆ. ಧೂಳು ಕುಡಿದು ಕೆಮ್ಮು ಹಚ್ಚಿಸ್ಕೊಂಡಿದ್ದಾನೆ. ಅವನ ಮೇಲೆ ನಿಮಗೆ ಇಷ್ಟೂ ಕರುಣೆ ಇಲ್ವಾ?"

"ಇದೆಯಮ್ಮ. ಆದ್ರೆ..."

ಅವರು ಭಾಷಣದ ಹಾಳೆಗಳನ್ನು ಜೋಡಿಸಿ ಅಂಚು ಸರಿಮಾಡತೊಡಗಿದರು. ಆಗ ನನಗೆ ಹೊಳೆಯಿತು. ಬದಲಾವಣೆಯ ಪಟ್ಟಿ ತೆರೆದಾಗಿನಿಂದ ಅವರು ಒಂದು ಸಲವೂ ಪರದೆಯತ್ತ ಬಗ್ಗಿ ನೋಡಿರಲಿಲ್ಲ. ತಿದ್ದಿದವರು ಯಾರೆಂದು ಓದುವ ಕುತೂಹಲವೇ ಅವರಿಗೆ ಇರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತು," ಎಂದೆ.

ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನಿನ್ನೆ ಇನ್ಸ್‌ಪೆಕ್ಟರ್ ಫೋನ್ ಮಾಡಿದ್ರು. ಈ ದಾಖಲೆನ ಯಾರಾದ್ರೂ ಮುಟ್ಟಿದ್ದಾರಾ ಅಂತ ಕೇಳಿದ್ರು. ಪಟ್ಟಿ ಕಳಿಸಿದೆ."

"ಹಳೇ ದಿನಾಂಕ ಸಮೇತ ಕಳಿಸಿದ್ರಾ?"

"ಯಾರು ಮುಟ್ಟಿದ್ರು ಅಂತ ಕೇಳಿದ್ರು. ಕೇಳಿದಷ್ಟು ಕೊಟ್ಟೆ."

"ಹಳೇ ದಿನಾಂಕ ಯಾಕೆ ಕೊಡಲಿಲ್ಲ ಸಾರ್? ಅದೊಂದು ಇದ್ದಿದ್ರೆ ಅಣ್ಣ ನಿನ್ನೆನೇ ಮನೇಲಿರ್ತಿದ್ದ. ಐದು ವರ್ಷದ ಹಿಂದಿನ ದಿನಾಂಕ ಪೊಲೀಸರ ಕೈಗೆ ಹೋದ್ರೆ ನಿಮಗೇನು ತೊಂದರೆ?"

ಅವರು ಭಾಷಣದ ಹಾಳೆಗಳನ್ನು ಫೈಲಿನೊಳಗೆ ಸೇರಿಸಿ ಕಟ್ಟಿದರು. 

ಮೇಜಿನ ಮೇಲಿದ್ದ ನನ್ನ ಫೋನು ಗುರುಗುಟ್ಟಿತು. ಅತ್ತಿಗೆ. ಬೆಳಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತಿದ್ದಳು.

"ಅತ್ತಿಗೆ, ಸಿಕ್ತು!" ಎಂದು ಕಿರುಚಿದೆ. "ಅಣ್ಣ ತಗೊಂಡಿಲ್ಲ ಅನ್ನೋಕೆ ಸಾಕ್ಷಿ ಸಿಕ್ತು. ನಾನು ಹೊರಟೆ, ಅಲ್ಲೇ ಇರಿ."

ಆ ಕಡೆ ಅತ್ತಿಗೆ ಅಳುತ್ತಿದ್ದಳು.

"ಅತ್ತಿಗೆ?"

"ಅವರು ಒಪ್ಕೊಂಡ್ಬಿಟ್ರು."

"ಏನನ್ನ?"

"ಮುದ್ರೆ ತಾನೇ ತೆಗೆದೆ ಅಂತ. ಬರೆದು ಸಹಿ ಹಾಕಿದ್ರು. ಈಗಷ್ಟೇ."

"ಸುಳ್ಳು! ಬೆಳಗ್ಗೆ ನನ್ನ ಹತ್ರ ಏನೂ ಹೇಳ್ಲಿಲ್ಲ. ಯಾರಾದ್ರೂ ಹೊಡೆದ್ರಾ?"

"ಯಾರೂ ಮುಟ್ಲಿಲ್ಲ. ಮೂರು ದಿನ ಇಲ್ಲ ಇಲ್ಲ ಅಂತಲೇ ಇದ್ರಲ್ಲ. ಅರ್ಧ ಗಂಟೆ ಹಿಂದೆ ಇನ್ಸ್‌ಪೆಕ್ಟರು ಒಂದು ಹಾಳೆ ತಂದು ಅವರ ಮುಂದೆ ಇಟ್ರು. ಅದನ್ನ ಓದಿದ್ರು. ಎರಡು ಸಲ ಓದಿದ್ರು. ಕುಡಿಯೋಕೆ ನೀರು ಕೇಳಿದ್ರು. ಆಮೇಲೆ ಪೆನ್ನು ಕೊಡಿ ಅಂದ್ರು."

 ಪ್ರೊಫೆಸರರತ್ತ ತಿರುಗಿ ನೋಡಿದೆ. ಯಾವ ಹಾಳೆ ಎಂದು ಕೇಳುವ ಅಗತ್ಯವಿರಲಿಲ್ಲ.

"ಅದರಲ್ಲಿ ಮುದ್ರೆಯ ದಾಖಲೆ ತಿದ್ದಿದ್ದು ಪರೀಕ್ಷಕಿ, ಅಂದ್ರೆ ನೀನು, ಅಂತ ಇತ್ತಂತೆ," ಎಂದಳು ಅತ್ತಿಗೆ. "ಸಹಿ ಹಾಕಿ ಒಂದೇ ಮಾತು ಹೇಳಿದ್ರು. ನನ್ನ ತಂಗಿಗೆ ಇದೇನೂ ಗೊತ್ತಿಲ್ಲ, ಅವಳನ್ನ ಇದಕ್ಕೆ ಎಳೀಬೇಡಿ ಅಂದ್ರು."

"ಅತ್ತಿಗೆ, ಅದು ಬರೀ ಪರೀಕ್ಷೆಗೆ..."

"ಎರಡು ತಿಂಗಳ ಹಿಂದೆ, ಬಳೆ ಮಣಿಗಳ ಫೋಟೋನೂ ವಸ್ತುನೂ ಒಂದೇನಾ ಅಂತ ತಾಳೆ ನೋಡ್ಬೇಕು ಅಂತ, ಎರಡು ದಿನ ಉಗ್ರಾಣದ ಬೀಗದ ಕೈ ಅವರಿಂದ ಇಸ್ಕೊಂಡಿದ್ದೆ ನೀನು. ಆ ವಿಷಯ ಪೊಲೀಸರಿಗೆ ಹೇಳಿ ಅಂತ ಮೂರು ದಿನದಿಂದ ಬಡ್ಕೊಂಡೆ. ಸತ್ರೂ ಹೇಳಲ್ಲ ಅಂದ್ರು. ಯಾಕೆ ಅಂತ ನನಗೆ ಈಗ ಗೊತ್ತಾಯ್ತು."

  ನನ್ನ ಅಣ್ಣ, ನನ್ನನ್ನು ಕಳ್ಳಿ ಎಂದುಕೊಂಡೇ ಪೆನ್ನು ಕೇಳಿ ಪಡೆದಿದ್ದ.

ಅತ್ತಿಗೆ ಮೂಗೇರಿಸಿದಳು. ಮುಂದಿನ ಮಾತಿನಲ್ಲಿ ಅಳು ಇರಲಿಲ್ಲ.

"ಅವರು ಕೇಳಲ್ಲ, ನಾನು ಕೇಳ್ತೀನಿ. ಮಕ್ಕಳ ಆಣೆ ಇಟ್ಟು ನಿಜ ಹೇಳು. ಮುದ್ರೆ ನೀನೇ ತಗೊಂಡ್ಯಾ?"